ಅಕ್ಕನ ಏಳು ಪಾರ್ಕುಗಳು

ಬೆತ್ತದ ಮಾಮನ ಕಣ್ಣು ಹೋದದ್ದು ಒಂಬತ್ತನೆಯ ವಯಸ್ಸಿನಲ್ಲಿ, ಹತ್ತು ದಿನ ಬಿಡದೆ ಕಾಡಿದ ಒಂದು ಜ್ವರದಲ್ಲಿ. ಅದಕ್ಕೆ ಮೊದಲು ಕಂಡಿದ್ದ ಹಸಿರು ಮಾತ್ರ ಹೋಗಲಿಲ್ಲ. ಅರವತ್ತನಾಲ್ಕು ತುಂಬಿದ ಮೇಲೂ ಅದು ಅವರ ತಲೆಯೊಳಗೆ ಈಗಷ್ಟೇ ತೊಳೆದಿಟ್ಟ ಎಲೆಯ ಹಾಗಿತ್ತು. ದೇವರು ಕಿತ್ತುಕೊಳ್ಳುವಾಗಲೂ ಒಂದು ಚೂರನ್ನು ಬಿಟ್ಟೇ ಹೋಗುತ್ತಾನೆ ಎಂದು ಅವರು ನಂಬಿದ್ದರು. ಆ ಚೂರಿಗೆ ನೀರೆರೆದು ಕಾಪಾಡಿದವಳು ಅವರ ಅಕ್ಕ.

ಊರು ಮುಗಿಯುವ ಕಡೆ, ಬಸ್ಸು ತಿರುಗಿಕೊಂಡು ಹೋಗುವ ಕೊನೆಯ ನಿಲ್ದಾಣದ ಹಿಂದೆ, ಹೆಸರಿಲ್ಲದೆ ಬರೀ ನಂಬರು ಹಾಕಿದ ರಸ್ತೆಗಳ ಬಡಾವಣೆ. ಅಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಕೂತು ಮಾಮ ಹಳೆಯ ಕುರ್ಚಿಗಳಿಗೆ ಬೆತ್ತ ಹೆಣೆಯುತ್ತಿದ್ದರು. ಹೆಸರು ಬಂದದ್ದು ಅದರಿಂದಲೇ. ಹೊಸದಾಗಿ ಬಂದ ಮನೆಗಳ ಮಕ್ಕಳು ಆ ಹೆಸರು ಕೇಳಿ, ಯಾರೋ ಮೇಷ್ಟರಿರಬೇಕೆಂದು ಹೆದರಿ ಬೇಲಿಯಾಚೆಗೇ ನಿಲ್ಲುತ್ತಿದ್ದವು. "ಹೆದರಬೇಡ್ರೋ! ಈ ಬೆತ್ತ ಕೂರೋ ಜಾಗಕ್ಕೆ ಕೆಳಗಿಂದ ಬರೋದು, ಮೇಲಿಂದ ಅಲ್ಲ" ಎಂದು ಅಕ್ಕ ನಗುತ್ತಿದ್ದಳು.

ಒಂದು ಕುರ್ಚಿಗೆ ಏಳು ಸುತ್ತಿನ ಹೆಣಿಗೆ. ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಆಮೇಲೆ ಒಂದು ಓರೆ, ಇನ್ನೊಂದು ಓರೆ, ಕೊನೆಗೆ ಅಂಚು. ಚೌಕಟ್ಟಿನಲ್ಲಿ ಕೊರೆದ ತೂತುಗಳು ಮಾತ್ರ ಇದ್ದಷ್ಟೇ. ಒಂದೊಂದು ತೂತಿನೊಳಗೂ ಬೆತ್ತ ಬೇರೆ ಬೇರೆ ದಿಕ್ಕಿನಿಂದ ಮತ್ತೆ ಮತ್ತೆ ಬಂದು ಹಾಯಬೇಕು.

"ಒಂದು ತೂತಿಗೆ ಇಷ್ಟೊಂದು ದಾರಿ! ಅದ್ಹೇಗೋ ಹಿಡಿಸ್ತೀಯ?" ಎಂದು ಅಕ್ಕ ಒಮ್ಮೆ ಕೇಳಿದ್ದಳು.

"ಒಳಗಿರೋದನ್ನ ನೋಯಿಸದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿಸ್ಬೇಕು. ಅಷ್ಟೇ."

ಅಕ್ಕ ಆ ಮಾತನ್ನು ಯಾಕೋ ಎರಡು ಸಲ ಹೇಳಿಸಿಕೊಂಡಳು. ಇದು ಎರಡು ವರ್ಷದ ಹಿಂದಿನ ಮಾತು.

ಸಂಜೆ ಐದಕ್ಕೆ ಕೆಲಸ ಎತ್ತಿಟ್ಟರೆ ಪಾರ್ಕು. ಗಂಡ ತೀರಿಕೊಂಡ ಮೇಲೆ ಅಕ್ಕ ತಮ್ಮನ ಜೊತೆ ಇರಲು ಬಂದು ಎಂಟು ವರ್ಷವಾಗಿತ್ತು. ಬಂದ ವಾರವೇ ಅವಳು ಬಡಾವಣೆಯನ್ನೆಲ್ಲ ಒಬ್ಬಳೇ ಸುತ್ತಿ ಏಳು ಪಾರ್ಕು ಪತ್ತೆ ಹಚ್ಚಿದ್ದಳು. ವಾರಕ್ಕೆ ಸರಿಹೋಯಿತೆಂದು ದಿನಕ್ಕೊಂದರಂತೆ ಹಂಚಿದ್ದಳು. ಸೋಮವಾರ ಜಾರುಬಂಡೆ ಪಾರ್ಕು. ಮಂಗಳವಾರ ತರಗೆಲೆ ಪಾರ್ಕು. ಅಲ್ಲಿ ಯಾರೋ ಸದಾ ಎಲೆ ಗುಡಿಸುತ್ತಿದ್ದರು. ಬುಧವಾರ ಹೊಂಡದ ಪಾರ್ಕು, ಮೂರು ಬಾತುಕೋಳಿ. ಗುರುವಾರ ನೆರಳಿನ ಪಾರ್ಕು. ಶುಕ್ರವಾರ ಬ್ರೆಡ್ಡಿನ ಪಾರ್ಕು, ಪಕ್ಕದಲ್ಲೇ ಬೇಕರಿಯ ಒಲೆ. ಶನಿವಾರ ನಾಯಿ ಪಾರ್ಕು. ಭಾನುವಾರದ್ದು ಸುಮ್ಮನಿರೋ ಪಾರ್ಕು. ಅಲ್ಲಿ ಮಾತಾಡುವ ಹಾಗಿರಲಿಲ್ಲ. ಅದು ಅಕ್ಕನ ಕಾನೂನು.

ಮಿಕ್ಕ ಆರು ದಿನ ಅಕ್ಕನ ಬಾಯಿಗೆ ಬಿಡುವಿಲ್ಲ. ಯಾವ ಗಿಡ ಚಿಗುರಿದೆ, ಯಾವ ಹೂವು ನಿನ್ನೆಗಿಂತ ಪೇಲವವಾಗಿದೆ, ಯಾವ ಮುದುಕ ಹೊಸ ಟೋಪಿ ಹಾಕಿ ಯಾರ ಕಡೆ ನೋಡುತ್ತಿದ್ದಾನೆ, ಎಲ್ಲವನ್ನೂ ಹೇಳುತ್ತಿದ್ದಳು. ಮಾಮ ಅವಳ ಮೊಣಕೈ ಹಿಡಿದು ಹೆಜ್ಜೆ ಎಣಿಸುತ್ತ ಹೋಗಿ, ಬೆಂಚಿನ ಮೇಲೆ ಕೂತು, ಆ ಒಂಬತ್ತು ವರ್ಷದ ಹಸಿರನ್ನು ಹೊಸ ಹೊಸ ಜಾಗಕ್ಕೆ ಹಾಸಿಕೊಳ್ಳುತ್ತಿದ್ದರು.

ಅಕ್ಕ ಹೋದದ್ದು ಒಂದು ಬೆಳಿಗ್ಗೆ, ಚಹಾಕ್ಕೆ ನೀರಿಟ್ಟು. ನೀರು ಕುದಿಯುವುದು ಕೇಳಿಸಿತು, ಉಕ್ಕಿ ಒಲೆಯ ಮೇಲೆ ಸುರಿಯುವುದು ಕೇಳಿಸಿತು. ಯಾರೂ ಬಂದು ಆರಿಸಲಿಲ್ಲ. ಅಷ್ಟರಿಂದಲೇ ಮಾಮನಿಗೆ ಗೊತ್ತಾಯಿತು.

ಆಮೇಲೆ ಒಂದೂವರೆ ತಿಂಗಳು ಅವರು ಹೊಸಿಲು ದಾಟಲಿಲ್ಲ. ಒಂದು ಕುರ್ಚಿ ಆರನೆಯ ಸುತ್ತಿಗೆ ನಿಂತಿತ್ತು. ನೆನೆಹಾಕಿದ ಬೆತ್ತ ನೀರಿನಲ್ಲೇ ವಾಸನೆ ಬರತೊಡಗಿತು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಕೈಮುಗಿದು ದೇವರ ಮುಂದೆ ಕೂರುತ್ತಿದ್ದರು. ಆದರೆ ಬೇಡುವುದಕ್ಕೆ ಏನೂ ತೋಚದೆ ಸುಮ್ಮನೆ ಏಳುತ್ತಿದ್ದರು.

ಅಕ್ಕನ ಒಬ್ಬಳೇ ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ವಯಸ್ಸು ಮೂವತ್ತೆಂಟು. ಪೇಟೆಯ ನಡುವೆ ಔಷಧಿ ಅಂಗಡಿಯಲ್ಲಿ ಕೆಲಸ, ಒಂಬತ್ತನೆಯ ಮಹಡಿಯಲ್ಲಿ ಮನೆ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ಬಂದು, ಮಾಮನ ವಾರದ ಅಡುಗೆ ಮಾಡಿಟ್ಟು, ಒಂದೇ ಪಲ್ಲವಿ ಹಾಡಿ ಹೋಗುತ್ತಿದ್ದಳು.

"ಮಾಮ, ನನ್ನ ಜೊತೆ ಬಂದ್ಬಿಡಿ. ಇಲ್ಲಿ ಯಾರಿದ್ದಾರೆ ನಿಮಗೆ?"

"ನನಗೇನು ಕಮ್ಮಿ? ಏಳು ಪಾರ್ಕಿದೆ. ನಿನ್ನ ಒಂಬತ್ತನೇ ಮಹಡೀಲಿ ಏನಿದೆ? ಲಿಫ್ಟು."

"ಅಮ್ಮ ಹೋದ್ಮೇಲೆ ಒಂದು ಪಾರ್ಕಿಗಾದ್ರೂ ಹೋಗಿದ್ದೀರಾ? ಗೇಟಿನ ಹತ್ರ ಹೋಗಿ ಹಾಲು ತಗೊಳಕ್ಕೂ ನಿಮಗೆ ಆಗ್ತಿಲ್ಲ. ನಂಗೆ ಗೊತ್ತು, ಪಕ್ಕದ ಮನೆಯವರು ಹೇಳಿದ್ರು."

ಮಾತು ನಾಟಿತು. ಮಾಮನಿಗೆ ರೋಷ ಬಂತು.

"ಹೋಗಲ್ಲ ಅಂತ ಕೂತಿದ್ದೀನಿ, ಆಗಲ್ಲ ಅಂತ ಅಲ್ಲ. ಇವತ್ತೇ ನಡಿ. ಏಳನ್ನೂ ತೋರಿಸ್ತೀನಿ, ನಿನ್ನ ಕೈ ಹಿಡಿಯದೆ. ಒಂದು ತಪ್ಪಿದ್ರೂ ನಿನ್ನ ಜೊತೆ ಬರ್ತೀನಿ, ತುಟಿ ಪಿಟಕ್ ಅನ್ನಲ್ಲ. ತಪ್ಪದಿದ್ರೆ ನೀನು ಈ ಹಾಡು ನಿಲ್ಲಿಸ್ಬೇಕು."

"ಮಾತಿಗೆ ತಪ್ಪಬಾರದು."

"ನಮ್ಮನೇಲಿ ಮಾತಿಗೆ ತಪ್ಪಿದವರು, ಸುಳ್ಳು ಹೇಳಿದವರು ಯಾರಿದ್ದಾರೆ ಹೇಳು?"

ಬೆಳಗಿನ ಮಳೆ ಆಗಷ್ಟೇ ನಿಂತಿತ್ತು. ಪುಟ್ಟಿ ಎರಡು ಕಿತ್ತಳೆ ಹಣ್ಣು, ಒಂದು ಹಳೆಯ ಪೇಪರು ಚೀಲಕ್ಕೆ ಹಾಕಿಕೊಂಡಳು. ಮಾಮ ಕೋಲು ತೆಗೆದುಕೊಂಡರು. ಹೊಸಿಲ ಮೇಲೆ ಒಂದು ಕ್ಷಣ ಕಾಲು ತಡೆಯಿತು. ಎಡಗೈ ತಾನಾಗಿ ಗಾಳಿಯಲ್ಲಿ ಚಾಚಿ, ಇಲ್ಲದ ಮೊಣಕೈಗೆ ತಡಕಿತು. ಪುಟ್ಟಿ ಅದನ್ನು ಕಂಡಳೋ ಇಲ್ಲವೋ. ಮಾಮ ಕೈಯನ್ನು ಜೇಬಿಗೆ ಸೇರಿಸಿ ಹೊರಟರು.

ಸೋಮವಾರದ ದಾರಿ ಸಲೀಸು. ನೇರ ಇನ್ನೂರ ಹನ್ನೆರಡು ಹೆಜ್ಜೆ, ಬಲಕ್ಕೆ ಕಬ್ಬಿಣದ ಕಂಬಿ, ಕಂಬಿ ಮುಗಿದಲ್ಲಿ ಸುತ್ತುವ ಗೇಟು. ಒಳಗೆ ಜಾರುಬಂಡೆಯ ತಗಡು ಮಕ್ಕಳ ಅಡಿಯಲ್ಲಿ ಕಿರುಗುಟ್ಟುತ್ತಿತ್ತು. ಎಡಕ್ಕೆ ಹದಿನಾರು ಹೆಜ್ಜೆ, ಬೆಂಚು. ಕೋಲು ಬೆಂಚಿನ ಕಾಲಿಗೆ ಟಕ್ಕೆಂದಿತು.

"ಶಭಾಷ್ ಮಾಮ!" ಪುಟ್ಟಿಗೆ ನಿಜವಾಗಿಯೂ ಆಶ್ಚರ್ಯ. "ಬೆಂಚೆಲ್ಲ ನೆನೆದಿದೆ, ತಾಳಿ." ಪೇಪರಿನಿಂದ ಇಬ್ಬರಿಗಾಗುವಷ್ಟು ಜಾಗ ಒರೆಸಿದಳು. ಕೂತು ಒಂದು ಕಿತ್ತಳೆ ಸುಲಿದು ತಿಂದರು. ಮಾಮನಿಗೆ ಒಂದೂವರೆ ತಿಂಗಳಲ್ಲಿ ಮೊದಲ ಸಲ ಬಾಯಿಗೆ ರುಚಿ ಹತ್ತಿತು.

"ಒಂದು ಆಯ್ತು. ಇನ್ನಾರು," ಎಂದು ಎದ್ದರು.

ಮಂಗಳವಾರದ ದಾರಿ ಉದ್ದ. ಬಂದ ಗೇಟಿನಿಂದಲೇ ಹೊರಬಿದ್ದು, ಎರಡು ರಸ್ತೆ ಬಿಟ್ಟು ಮೂರನೆಯದರಲ್ಲಿ ತಿರುಗಿ, ಇಸ್ತ್ರಿ ಅಂಗಡಿಯ ಬಿಸಿಗಾಳಿ ದಾಟಿ, ಮತ್ತೆ ಬಲ, ಮತ್ತೆ ಬಲ. ಮಾಮನ ಹೆಜ್ಜೆಗೆ ಹುರುಪು ಬಂದಿತ್ತು. ಗೇಟು ದಾಟಿದ ಕೂಡಲೇ ಹಿಂದೆ ಪುಟ್ಟಿಯ ಚಪ್ಪಲಿಯ ಸದ್ದು ನಿಂತಿತು.

"ಏನಾಯ್ತೇ?"

"ಏ... ಏನಿಲ್ಲ ಮಾಮ. ಚಪ್ಪಲಿಯೊಳಗೆ ಕಲ್ಲು."

"ಇದೇ ನೋಡು ಮಂಗಳವಾರದ್ದು, ತರಗೆಲೆ ಪಾರ್ಕು! ಆದ್ರೆ ಇವತ್ಯಾಕೋ ಗುಡಿಸೋ ಸದ್ದೇ ಇಲ್ವಲ್ಲ," ಎಂದು ಮಾಮ ಗಟ್ಟಿಯಾಗಿ ಹೇಳಿದರು.

ಅವರ ಮಾತು ಮುಗಿಯಿತೋ ಇಲ್ಲವೋ, ಎಲ್ಲಿಯೋ ಹತ್ತಿರದಲ್ಲೇ ಪೊರಕೆ ಪರಪರನೆ ಎದ್ದಿತು. ಮಾಮ ಗೆದ್ದವರ ಹಾಗೆ ನಕ್ಕರು. ಪುಟ್ಟಿ ನಗಲಿಲ್ಲ. ಅವಳು ಬೆಂಚು ಒರೆಸುವ ಪೇಪರಿನ ಸದ್ದು ಮೊದಲಿಗಿಂತ ನಿಧಾನವಾಗಿತ್ತು.

ಬುಧವಾರದ ದಾರಿಯಲ್ಲಿ ಅವಳು ಪೂರಾ ಮೌನಿಯಾದಳು. ಸೋಲಿನ ಬೇಸರವೆಂದುಕೊಂಡು ಮಾಮನಿಗೆ ಪಾಪ ಅನ್ನಿಸಿತು. ಮೂರನೆಯ ಬೆಂಚಿನ ಮೇಲೆ ಕೂತು ಕೇಳಿದರು: "ಹೊಂಡದಲ್ಲಿ ನೀರಿದೆಯಾ?"

ಪುಟ್ಟಿ ಒದ್ದೆ ಪೇಪರನ್ನು ಮುದುರಿದ ಸದ್ದಾಯಿತು. "ಇದೆ ಮಾಮ. ತುಂಬಿದೆ."

"ಬಾತುಕೋಳಿ?"

"ಇವೆ. ಎರಡು."

"ಮೂರು ಇರಬೇಕು. ಒಂದು ಯಾವಾಗ್ಲೂ ನೀರೊಳಗೆ ತಲೆ ಹಾಕಿರತ್ತೆ, ಸರಿಯಾಗಿ ನೋಡು. ನಿಮ್ಮಮ್ಮನಿಗೆ ಮೂರೂ ಕಾಣ್ತಿತ್ತು."

"ಹೂಂ... ಈಗ ಕಾಣಿಸ್ತು. ಮೂರು."

ಗುರುವಾರದ ದಾರಿ ಮಾಮನಿಗೆ ತೀರ ಪ್ರಿಯವಾದದ್ದು. ಮೊದಲೆಲ್ಲ ಅಲ್ಲಿಗೆ ಹೋಗಲು ಲಾರಿಗಳ ದೊಡ್ಡ ರಸ್ತೆ ದಾಟಬೇಕಿತ್ತು. ಪ್ರತಿ ಗುರುವಾರ ಅವರು ಅಕ್ಕನ ಮೊಣಕೈಯನ್ನು ಎರಡು ಕೈಯಲ್ಲೂ ಹಿಡಿಯುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ಅಕ್ಕ, "ಒಳದಾರಿ ಮಾಡಿದ್ದಾರೆ ಕಣೋ, ಇನ್ನು ಆ ರಸ್ತೆ ಸಹವಾಸ ಬೇಡ" ಎಂದಳು. ಹೆಜ್ಜೆಯ ಎಣಿಕೆ ಸಾವಿರದಿಂದ ನಾನೂರಕ್ಕೆ ಇಳಿಯಿತು. ಅಕ್ಕ ಹೇಳಿದ್ದಕ್ಕೆ ಎರಡನೆಯ ಮಾತುಂಟೇ? ಎರಡು ಬೇರೆ ಪಾರ್ಕಿನಲ್ಲಿ ಒಂದೇ ನಾಯಿ ಬೊಗಳಿದಂತೆ ಕೇಳಿಸಿದಾಗಲೂ ಅಷ್ಟೇ. "ಬಂತು ನೋಡು, ನಮ್ಮ ಹಿಂದೇನೇ. ನಿನ್ನ ಬಿಸ್ಕತ್ತಿನ ಋಣ" ಎಂದಿದ್ದಳು, ಮಾಮ ನಕ್ಕು ಇನ್ನೊಂದು ಬಿಸ್ಕತ್ತು ಎಸೆದಿದ್ದರು. ಬೆಂಚುಗಳೆಲ್ಲ ಒಂದೇ ಅಚ್ಚು ಎಂದಾಗ, "ಎಲ್ಲ ಮಾಡಿದ್ದು ಒಬ್ಬನೇ ಬಡಗಿ, ಇನ್ನೇನು ನಿನ್ನ ಹಾಗೆ ಒಂದೊಂದಕ್ಕೆ ಒಂದೊಂದು ಹೆಣಿಗೆ ಹಾಕ್ತಾರಾ?" ಎಂದಿದ್ದಳು.

ಗೇಟು, ಮಣ್ಣಿನ ದಾರಿ, ಬಲಕ್ಕೆ ಇಪ್ಪತ್ತು ಹೆಜ್ಜೆ. ಕೋಲು ಟಕ್ಕೆಂದಿತು.

"ನಾಲ್ಕು! ನೆರಳಿನ ಪಾರ್ಕು," ಎಂದು ಮಾಮ ಕೂರುವ ಮೊದಲು ಬೆಂಚಿನ ಮೇಲೆ ಅಂಗೈ ಇಟ್ಟರು.

ಬೆಂಚಿನ ಹಲಗೆ ಒಣಗಿತ್ತು.

ಕೈ ಎಡಕ್ಕೆ ಸರಿಯಿತು. ಒಂದು ಗೆರೆ ದಾಟಿದ ಹಾಗೆ ತಟ್ಟನೆ ಒದ್ದೆ. ಬಲಕ್ಕೆ ಸರಿಯಿತು, ಅಲ್ಲಿಯೂ ಅಂಚಿನ ನಂತರ ಒದ್ದೆ, ಹನಿ ಹನಿ ನಿಂತ ಮಳೆನೀರು. ಐವತ್ತು ವರ್ಷ ಕುರ್ಚಿ ಅಳೆದ ಕೈ. ತಾನಾಗಿಯೇ ಗೇಣು ಹಾಕಿ ಅಳೆಯಿತು. ನಾಲ್ಕೂವರೆ ಗೇಣು ಒಣ ಜಾಗ. ಇಬ್ಬರು ಕೂರುವಷ್ಟು. ಮರದ ಪಟ್ಟಿಗಳ ಸಂದಿನಲ್ಲಿ ಬೆರಳಿಗೆ ಮೆತ್ತಗೆ ಏನೋ ಸಿಕ್ಕಿತು. ಎತ್ತಿ ಮೂಗಿಗೆ ಹಿಡಿದರು.

"ಪುಟ್ಟಿ."

"ಏನು ಮಾಮ?"

"ಈ ಬೆಂಚನ್ನ ಯಾರೋ ಆಗ್ಲೇ ಒರೆಸಿದ್ದಾರೆ."

"ಹೌದಾ... ಯಾರೋ ಕೂತು ಎದ್ದು ಹೋಗಿರಬೇಕು."

"ಇಬ್ಬರು."

"ಹೂಂ. ಇಬ್ಬರು."

"ಕಿತ್ತಳೆ ತಿಂದಿದ್ದಾರೆ."

ಪುಟ್ಟಿಯ ಉಸಿರು ತುಂಡು ತುಂಡಾಗುವುದು ಕೇಳಿಸಿತು. ಮಾಮ ಆ ಒಣ ಜಾಗದಲ್ಲಿ ಮೆಲ್ಲಗೆ, ಯಾರನ್ನೋ ಎಬ್ಬಿಸಿಬಿಟ್ಟೇನೆಂಬ ಹೆದರಿಕೆಯಿದ್ದವರ ಹಾಗೆ ಕೂತರು.

"ಏಳೂ ಇದೇನಾ?"

"ಗೊತ್ತಿಲ್ಲ ಮಾಮ. ಇಲ್ಲಿಯವರೆಗೆ ನಾಲ್ಕೂ ಇದೇ. ಮೂರು ಗೇಟಿದೆ, ಮೂರು ಬೆಂಚಿದೆ. ಹೊಂಡ ಇಲ್ಲ."

ಪೊರಕೆಯ ಸದ್ದು ಯಾವಾಗಲೋ ನಿಂತಿತ್ತು. ರಬ್ಬರು ಬೂಟಿನ ಹೆಜ್ಜೆಗಳು ಹತ್ತಿರ ಬಂದು ನಿಂತವು. ಒಬ್ಬ ಹೆಂಗಸಿನ ಗಂಟಲು, ಬಹಳ ದಿನದಿಂದ ಮಾತಿಲ್ಲದೆ ತುಕ್ಕು ಹಿಡಿದಂಥದ್ದು.

"ಅಣ್ಣಾ, ನಾನು ಇಲ್ಲಿ ತೋಟ ನೋಡ್ಕೊಳ್ಳೋಳು. ಅಕ್ಕ ಎಲ್ಲಿ? ಒಂದೂವರೆ ತಿಂಗಳಾಯ್ತು ನಿಮ್ಮಿಬ್ಬರನ್ನೂ ಕಾಣದೆ."

ಪುಟ್ಟಿ ಹೇಳಿದಳು. ತೋಟದವಳು ಅಲ್ಲೇ ಒದ್ದೆ ಹುಲ್ಲಿನ ಮೇಲೆ ಕುಸಿದು ಕೂತ ಸದ್ದಾಯಿತು. ಅಲ್ಲಿಂದಲೇ ಅಂದಳು: "ಎರಡು ವರ್ಷ ನನ್ನ ಬಾಯಿಗೆ ಬೀಗ ಹಾಕಿಸಿದ್ಳು ಆ ತಾಯಿ. 'ನಿನ್ನ ದನಿ ಕೇಳಿದ್ರೆ ಅವನಿಗೆ ಒಂದೇ ಜಾಗ ಅಂತ ಗೊತ್ತಾಗತ್ತೆ, ನಾವಿದ್ದಾಗ ಮಾತಾಡಬೇಡ. ಮಂಗಳವಾರ ಮಾತ್ರ ಗುಡಿಸು' ಅಂತ. ಸಾಹೇಬ್ರು ಬಂದು ಯಾಕೆ ಪೊರಕೆ ಹಿಡ್ಕೊಂಡು ಕಂಬದ ಹಾಗೆ ನಿಂತಿದ್ದೀಯ ಅಂತ ಬೈದ್ರೂ ನಾನು ಉಸಿರು ಬಿಡಲಿಲ್ಲ. ಇವತ್ತು ಭಾನುವಾರ, ನೀವು ಮಂಗಳವಾರ ಅಂದ್ರಿ. ನಂಗೆ ಗಲಿಬಿಲಿಯಾಯ್ತು, ಗುಡಿಸಿಬಿಟ್ಟೆ."

ಪುಟ್ಟಿ ಅಳುವಿನ ನಡುವೆಯೇ ನಕ್ಕುಬಿಟ್ಟಳು.

"ಮಿಕ್ಕಿದ್ದು ಏನಾದ್ವು?" ಮಾಮ ಕೇಳಿದರು.

"ಹೊಂಡದ್ದಕ್ಕೆ ಮಣ್ಣು ತುಂಬಿ ನೀರಿನ ಟ್ಯಾಂಕು ಕಟ್ಟಿದ್ರು. ಇನ್ನೊಂದು ಲಾರಿ ನಿಲ್ಲಿಸೋ ಜಾಗ ಆಯ್ತು. ಉಳಿದವು ಅವೆ ಅಣ್ಣಾ, ದೊಡ್ಡ ರಸ್ತೆ ಆಚೆಗೆ. ಆದ್ರೆ ಅಕ್ಕನ ಮಂಡಿ ಅಷ್ಟು ದೂರಕ್ಕೆ ಎಲ್ಲಿ ಬರ್ತಿತ್ತು? ಗೇಟಿನ ಹತ್ರ ಬಂದ್ರೆ ಸಾಕು, ಮುಖವೆಲ್ಲ ಬೆವರು. ನೋಡಿದ ನಾನೇ ಕಣ್ಣು ತಿರುಗಿಸ್ಕೋತಿದ್ದೆ. ಅವಳು ಮಾತ್ರ ನಿಮಗೆ ಬಾತುಕೋಳಿ ಕಥೆ ಹೇಳ್ತಾ ಬರ್ತಿದ್ಳು."

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಅಕ್ಕನ ಸುಳ್ಳು ಹುಟ್ಟಿದ್ದೇ ಕಾಲಿಲ್ಲದ್ದರಿಂದ. ಮಂಡಿ ನೋವೆಂದು ಅವಳು ಒಂದು ಸಲವೂ ಬಾಯಿಬಿಟ್ಟವಳಲ್ಲ. ಬಿಟ್ಟಿದ್ದರೆ ತಮ್ಮನು ಪಾರ್ಕೇ ಬೇಡವೆಂದು ಮನೆಯಲ್ಲಿ ಕೂತುಬಿಡುತ್ತಾನೆಂದು ಅವಳಿಗೆ ಗೊತ್ತಿತ್ತು. ಒಂದೇ ತೂತಿಗೆ ಏಳು ದಾರಿ ತಂದಿದ್ದಳು, ಒಳಗಿರುವುದನ್ನು ನೋಯಿಸದ ಹಾಗೆ. ಹೆಣಿಗೆಯ ಗುಟ್ಟು ಹೇಳಿಕೊಟ್ಟವರು ತಾವೇ. ಆ ಹೆಣಿಗೆಯ ಮೇಲೆ ಎರಡು ವರ್ಷ ನಿಶ್ಚಿಂತೆಯಿಂದ ಕೂತವರೂ ತಾವೇ.

ತಮಗೆ ನಿಜವಾಗಿಯೂ ಗೊತ್ತಾಗಿರಲಿಲ್ಲವೇ? ಒಂದೇ ನಾಯಿ, ಒಂದೇ ಬೆಂಚು, ಒಂದೇ ಜಾರುಬಂಡೆಯ ಸದ್ದು, ಸಾವಿರ ಹೆಜ್ಜೆ ನಾನೂರಾದದ್ದು. ಲಾರಿಗಳ ರಸ್ತೆ ತಪ್ಪಿತೆಂಬ ನೆಮ್ಮದಿಯಲ್ಲಿ ತಾವು ಕೇಳಲೇ ಇಲ್ಲ. ದೇವರೇ, ಕಣ್ಣು ನೀನು ತೆಗೆದುಕೊಂಡೆ. ಕಿವಿಯನ್ನು ನಾನೇ ಮುಚ್ಚಿಕೊಂಡೆ.

"ಮಾಮ, ಮನೆಗೆ ಹೋಗೋಣ," ಎಂದಳು ಪುಟ್ಟಿ.

"ಇನ್ನೂ ಮೂರು ಪಾರ್ಕಿದೆ."

"ಮಾಮ..."

"ಒಪ್ಪಂದ ಏಳಕ್ಕೆ. ನಡಿ."

ಶುಕ್ರವಾರದ ದಾರಿ ಹಿಡಿದು ಬೇಕರಿಯ ಹಿಂದಿನಿಂದ ಬಂದರು. ಶನಿವಾರದ ದಾರಿಯಲ್ಲಿ ನಾಯಿ ಎದುರಾಗಿ ಅವರ ಜೇಬು ಮೂಸಿ, ಏನೂ ಸಿಗದೆ ಹಿಂದೆ ಹಿಂದೆಯೇ ಬಂತು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಪ್ರತಿ ಸಲವೂ ಕೋಲು ಟಕ್ಕೆಂದಿತು, ಪ್ರತಿ ಸಲವೂ ಅಂಗೈಗೆ ಒಣ ಜಾಗ ಸಿಕ್ಕಿತು. ಪುಟ್ಟಿ ಈಗ ಏನನ್ನೂ ವರ್ಣಿಸಲಿಲ್ಲ. ಎರಡನೆಯ ಕಿತ್ತಳೆ ಚೀಲದಲ್ಲೇ ಉಳಿಯಿತು.

ಕೊನೆಯದು ಭಾನುವಾರದ್ದು, ಸುಮ್ಮನಿರೋ ಪಾರ್ಕು. ದೂರದ ಗೇಟಿನ ಪಕ್ಕದ ಬೆಂಚು. ಕಾನೂನಿನಂತೆ ಇಬ್ಬರೂ ಸುಮ್ಮನೆ ಕೂತರು.

ಈ ಬೆಂಚಿನ ಮೇಲೆ ಮಾಮನಿಗೆ ಯಾವಾಗಲೂ ಒಂದು ಸದ್ದು ಕೇಳುತ್ತಿತ್ತು. ಸರ್ ಸರ್ ಎಂದು ಮೆಲ್ಲಗೆ, ಒಂದೇ ಸಮನೆ, ಒಣ ಎಲೆಗೆ ಒಣ ಎಲೆ ಉಜ್ಜಿದ ಹಾಗೆ. ಮಳೆಗಾಲದಲ್ಲೂ ಕೇಳುತ್ತಿತ್ತು. ಯಾವುದೋ ಗಟ್ಟಿ ಎಲೆಯ ಮರವಿರಬೇಕು, ಅದರ ಮಾತು ಕೇಳಲೆಂದೇ ಅಕ್ಕ ಸುಮ್ಮನಿರಿಸುತ್ತಾಳೆ ಎಂದು ಅವರು ತಿಳಿದಿದ್ದರು. ವಾರದಲ್ಲಿ ಅವರು ಕಾಯುತ್ತಿದ್ದದ್ದು ಆ ಸದ್ದಿಗೆ.

ಈಗ ಗಾಳಿ ಇತ್ತು. ಸದ್ದು ಇರಲಿಲ್ಲ.

ಮಾಮ ಕಾದರು. ಮಕ್ಕಳು ಮನೆಗೆ ಹೋದವು, ಜಾರುಬಂಡೆಯ ತಗಡೂ ಸುಮ್ಮನಾಯಿತು. ಸದ್ದು ಬರಲಿಲ್ಲ. ಅವರ ಅಂಗೈ ನಿಧಾನವಾಗಿ ತಮ್ಮ ಮಂಡಿಯ ಮೇಲೆ ಇಳಿಯಿತು. ಬಟ್ಟೆಯ ಮೇಲೆ ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ ಉಜ್ಜಿದರು. ಸರ್ ಸರ್.

ಆರು ದಿನ ನೋವು ನುಂಗಿ ಕಥೆ ಹೇಳಿದವಳು ಏಳನೆಯ ದಿನ ಒಂದು ಗಂಟೆ ಬಿಡುವು ಮಾಡಿಕೊಂಡಿದ್ದಳು. ಅದನ್ನು ಅವರು ಮರವೆಂದು ಕೇಳಿ, ಮನಸ್ಸಿನಲ್ಲಿ ಹಸಿರು ತುಂಬಿದ್ದರು.

ಪುಟ್ಟಿಯೇ ಮೊದಲು ಮೌನ ಮುರಿದಳು. "ಮಾಮ, ನೀವೇ ಗೆದ್ರಿ. ಅಮ್ಮ ಎಲ್ಲಿಗೆ ಕರ್ಕೊಂಡು ಬರ್ತಿದ್ಳೋ ಅಲ್ಲಿಗೇ ಬಂದ್ರಿ, ಒಂದು ದಾರೀನೂ ತಪ್ಪಲಿಲ್ಲ. ಇಲ್ಲೇ ಇರಿ. ನಾನು ಆ ಹಾಡು ಹಾಡಲ್ಲ. ಭಾನುವಾರ ಬರ್ತೀನಿ, ಬೇಕಾದ್ರೆ ಬುಧವಾರವೂ ಬರ್ತೀನಿ."

"ಬಂದು?"

"ಬಂದು... ಹೀಗೇ ಸುತ್ತಾಡೋಣ."

"ಬಾತುಕೋಳಿ ತೋರಿಸ್ತೀಯ."

ಪುಟ್ಟಿಯ ಚಪ್ಪಲಿ ನೆಲ ಕೆರೆಯಿತು.

"ಬೆಳಿಗ್ಗೆ ಎರಡು ಇತ್ತು, ನಾನು ಕೇಳಿದ್ದಕ್ಕೆ ಮೂರಾಯ್ತು. ನಿಮ್ಮಮ್ಮನ ಮಗಳೇ ನೀನು. ಎರಡು ಬಸ್ಸು ಹತ್ತಿ ಬಂದು, ನನಗೋಸ್ಕರ ಹೊಂಡ ತೋಡ್ತೀಯ. ನಿನ್ನ ಮಂಡಿ ಇನ್ನೂ ಗಟ್ಟಿಯಾಗಿದೆ ಪುಟ್ಟಿ. ನಂಗೆ ಅದೇ ಭಯ." ಮಾಮ ಕೋಲನ್ನು ಎರಡು ಕೈಯಲ್ಲೂ ಹಿಡಿದುಕೊಂಡರು. "ಏಳು ತೋರಿಸ್ತೀನಿ ಅಂದೆ, ಒಂದೇ ಇತ್ತು. ಮಾತು ಮಾತೇ. ಬರ್ತೀನಿ. ನಿನ್ನ ಮನೆ ಕಿಟಕಿಯ ಆಚೆ ಏನಿದೆ?"

"ದೂರದಲ್ಲಿ ಒಂದು..." ಎಂದವಳು ತಡೆದಳು. "ಗೋಡೆ, ಮಾಮ. ಪಕ್ಕದ ಕಟ್ಟಡದ ಗೋಡೆ."

"ಯಾವ ಬಣ್ಣ?"

"ಬಣ್ಣ ಹೊಡೆದಿಲ್ಲ. ಬರೀ ಸಿಮೆಂಟು."

"ಹಾಗೇ ಹೇಳ್ತಿರು. ಗೋಡೆ ಅಂದ್ರೆ ಗೋಡೆ. ಸಾಕು."

ಎದ್ದರು. ಈ ಸಲ ಎಡಗೈ ಚಾಚಿದಾಗ ಪುಟ್ಟಿಯ ಮೊಣಕೈ ಸಿಕ್ಕಿತು. ಅಕ್ಕನದಕ್ಕಿಂತ ಎತ್ತರದಲ್ಲಿತ್ತು, ಹಿಡಿದ ಕೈಗೆ ಹೊಂದಿಕೆಯಾಗಲಿಲ್ಲ. ಸರಿಪಡಿಸಿಕೊಂಡು ಹಿಡಿದರು. ಆರನೆಯ ಸುತ್ತಿಗೆ ನಿಂತ ಕುರ್ಚಿಯೊಂದಿದೆ, ಹೊರಡುವ ಮೊದಲು ಅಂಚು ಕಟ್ಟಿ ಮುಗಿಸಬೇಕು ಎಂದು ನೆನಪಾಯಿತು. ಬೆತ್ತವನ್ನು ಹೊಸದಾಗಿ ನೆನೆಹಾಕಬೇಕು.

ಸೋಮವಾರದ ಗೇಟಿನ ಹತ್ತಿರ ರಬ್ಬರು ಬೂಟುಗಳು ಒಮ್ಮೆ ಕದಲಿ ನಿಂತವು. ತೋಟದವಳು ಪೊರಕೆ ಹಿಡಿದು ಉಸಿರು ಬಿಗಿಹಿಡಿದಿರಬೇಕು. ಎರಡು ವರ್ಷದ ಅಭ್ಯಾಸ.

"ಗುಡಿಸಮ್ಮಾ," ಎಂದರು ಮಾಮ. "ಇನ್ನು ಯಾವ ವಾರ ಬೇಕಾದ್ರೂ ಗುಡಿಸಬಹುದು."

ಅವಳು ತಕ್ಷಣ ಶುರುಮಾಡಲಿಲ್ಲ. ಅವರು ಕಂಬಿಯ ಉದ್ದಕ್ಕೂ ನಡೆದು, ಕಂಬಿ ಮುಗಿದು, ಎಡಕ್ಕೆ ತಿರುಗಿದ ಮೇಲೆ, ಹಿಂದೆ ದೂರದಲ್ಲಿ ಪೊರಕೆಯ ಸದ್ದು ಎದ್ದಿತು. ಮಾಮ ನಿಂತು ಕೇಳಲಿಲ್ಲ. ಮನೆಗೆ ಇನ್ನೂರ ಹನ್ನೆರಡು ಹೆಜ್ಜೆಯಿತ್ತು. ಅವರು ಎಣಿಸತೊಡಗಿದರು.